ಎಂಎಲ್‌ಎಸ್ ಸೂಪರ್‌ಡ್ರಾಫ್ಟ್‌ಗೆ ಮುಂಚೆ ಕಾಲೇಜು ಹುಡುಗರನ್ನು ಅಳೆಯುವುದು ಹೇಗೆ

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರು ಅಮೆರಿಕದ ಫುಟ್‌ಬಾಲ್ ಲೀಗ್ ಮೇಜರ್ ಲೀಗ್ ಸಾಕರ್‌ನ (ಎಂಎಲ್‌ಎಸ್) ಸೂಪರ್‌ಡ್ರಾಫ್ಟ್, ಅಂದರೆ ಕ್ಲಬ್‌ಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನೋಡಲು ಕೂತರೆ ಮೊದಲು ತಲೆಯಿಂದ ಒಂದು ವಿಷಯ ತೆಗೆದುಹಾಕಬೇಕು. ಹರಾಜಿನಲ್ಲಿ ಒಳ್ಳೆಯ ಆಟಗಾರರೆಲ್ಲ ಪಟ್ಟಿಯಲ್ಲಿ ಇರುತ್ತಾರೆ. ಇಲ್ಲಿ ಹಾಗಲ್ಲ. ದೇಶದ ಅತಿ ಒಳ್ಳೆಯ ಹದಿನೆಂಟರ ಹುಡುಗರು ಈ ಡ್ರಾಫ್ಟ್ ಕಡೆ ತಲೆಯೇ ಹಾಕುವುದಿಲ್ಲ. 2008ರಲ್ಲಿ ಹೋಮ್‌ಗ್ರೋನ್ ನಿಯಮ ಬಂತು. ಅಂದಿನಿಂದ ಕ್ಲಬ್‌ಗಳು ತಮ್ಮ ಅಕಾಡೆಮಿಯಲ್ಲಿ ಬೆಳೆಸಿದ ಹುಡುಗನನ್ನು ಡ್ರಾಫ್ಟ್‌ಗೆ ಬಿಡದೆ ನೇರವಾಗಿ ಸಹಿ ಹಾಕಿಸಿಕೊಳ್ಳುತ್ತವೆ. ಆ ಹುಡುಗ ನಡುವೆ ಕಾಲೇಜಿಗೆ ಹೋಗಿ ಬಂದರೂ ಹಲವು ಸಲ ಹಕ್ಕು ಕ್ಲಬ್ಬಿನ ಹತ್ತಿರವೇ ಉಳಿದಿರುತ್ತದೆ. ವಿದೇಶದಿಂದ ಬರುವವರದ್ದು ಬೇರೆಯೇ ದಾರಿ. ನಮ್ಮ ಸುನಿಲ್ ಛೆಟ್ರಿ 2010ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋದದ್ದು ಕೂಡ ನೇರ ಒಪ್ಪಂದದಲ್ಲೇ, ಡ್ರಾಫ್ಟ್‌ನಲ್ಲಿ ಅಲ್ಲ.

ಹಾಗಾದರೆ ಡ್ರಾಫ್ಟ್‌ಗೆ ಬರುವವರು ಯಾರು? ಅಕಾಡೆಮಿಗಳ ಕಣ್ಣಿಗೆ ಬೀಳದವರು, ಬಿದ್ದರೂ ಬೇಡ ಅನಿಸಿಕೊಂಡವರು, ತಡವಾಗಿ ಮೈ ಬೆಳೆದವರು, ಮತ್ತೆ ಸ್ಕಾಲರ್‌ಶಿಪ್ ಮೇಲೆ ಹೊರದೇಶದಿಂದ ಓದಲು ಬಂದವರು. ಆದ್ದರಿಂದ ಯಾವ ಹುಡುಗನ ಹೆಸರು ಕಂಡರೂ ಮೊದಲ ಪ್ರಶ್ನೆ 'ಇವನು ಎಷ್ಟು ಚೆನ್ನಾಗಿ ಆಡುತ್ತಾನೆ' ಅಂತ ಇರಬಾರದು. 'ಇಷ್ಟು ವರ್ಷ ಇವನು ಯಾಕೆ ಯಾರ ಕೈಗೂ ಸಿಗಲಿಲ್ಲ' ಅಂತ ಕೇಳಿ. ಅದಕ್ಕೆ ನಂಬುವಂಥ ಉತ್ತರ ಸಿಕ್ಕರೆ ಆ ಹುಡುಗನ ಮೇಲೆ ಸಮಯ ಹಾಕಿ. ಸಿಗದಿದ್ದರೆ, ಎಷ್ಟು ಗೋಲು ಹೊಡೆದಿದ್ದರೂ ಅನುಮಾನ ಇಟ್ಟುಕೊಳ್ಳಿ.

ಉದಾಹರಣೆಗೆ ಮೊಯಿಸ್ ಬೊಂಬಿಟೊ. ಕೆನಡಾದ ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್. ಮೊದಲು ಅಯೋವಾದ ಒಂದು ಸಣ್ಣ ಕಮ್ಯುನಿಟಿ ಕಾಲೇಜು, ಅಲ್ಲಿಂದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯ. ಎರಡೂ ದೊಡ್ಡ ಫುಟ್‌ಬಾಲ್ ಹೆಸರುಗಳಲ್ಲ. ಆದರೆ ಅವನ ಓಟದ ವೇಗ ಯಾವ ಮಟ್ಟದಲ್ಲೂ ಸುಳ್ಳಾಗುವಂಥದ್ದಲ್ಲ. 2023ರ ಡ್ರಾಫ್ಟ್‌ನಲ್ಲಿ ಕೊಲೊರಾಡೊ ಅವನನ್ನು ಮೂರನೆಯವನಾಗಿ ಆರಿಸಿತು, 2024ರಲ್ಲಿ ಫ್ರಾನ್ಸ್‌ನ ನೀಸ್ ಕ್ಲಬ್‌ಗೆ ಮಾರಿತು. ಅದೇ ಡ್ರಾಫ್ಟ್‌ನಲ್ಲಿ 12ನೆಯವನಾಗಿ ಷಾರ್ಲಟ್‌ಗೆ ಹೋದ ಪ್ಯಾಟ್ರಿಕ್ ಅಜೆಮಾಂಗ್ ಶುರು ಮಾಡಿದ್ದು ಡಿವಿಷನ್ ಮೂರರ, ಅಂದರೆ ಕಾಲೇಜು ಕ್ರೀಡೆಯ ಮೂರನೇ ದರ್ಜೆಯ ಕಾಲೇಜಿನಲ್ಲಿ. ಆಮೇಲೆ ರೋಡ್ ಐಲೆಂಡ್‌ಗೆ ಬಂದ, 2025ರ ಹೊತ್ತಿಗೆ ಅಮೆರಿಕ ತಂಡದ ಫಾರ್ವರ್ಡ್ ಆಗಿದ್ದ. ಇಬ್ಬರ ಕಥೆಯಲ್ಲೂ 'ಯಾಕೆ ಸಿಗಲಿಲ್ಲ' ಅನ್ನುವುದಕ್ಕೆ ಸ್ಪಷ್ಟ ಕಾರಣ ಇದೆ: ಸ್ಕೌಟ್‌ಗಳು ಜಾಸ್ತಿ ಹೋಗದ ಜಾಗದಲ್ಲಿ ಆಡುತ್ತಿದ್ದರು.

ಪಟ್ಟಿ ಕೈಗೆ ಬಂದ ಮೇಲೆ ಮೊದಲು ಹುಟ್ಟಿದ ದಿನಾಂಕ ನೋಡಿ. ಕಾಲೇಜು ಫುಟ್‌ಬಾಲ್‌ನಲ್ಲಿ ಹದಿನೆಂಟರ ಹುಡುಗ ಇಪ್ಪತ್ತನಾಲ್ಕರವನ ಎದುರು ಆಡುತ್ತಾನೆ. ಯುರೋಪಿನಿಂದ ಬರುವ ಕೆಲವರು ಅಲ್ಲಿ ಕೆಳಗಿನ ಡಿವಿಷನ್‌ಗಳಲ್ಲಿ ಒಂದೆರಡು ವರ್ಷ ಆಡಿ, ಗಟ್ಟಿಯಾಗಿ, ಆಮೇಲೆ ಮೊದಲ ವರ್ಷದ ವಿದ್ಯಾರ್ಥಿಯಾಗಿ ಸೇರಿಕೊಳ್ಳುತ್ತಾರೆ. ಇಪ್ಪತ್ತಮೂರು ದಾಟಿದ ಫಾರ್ವರ್ಡ್ ಒಬ್ಬ ಹತ್ತೊಂಬತ್ತರ ಡಿಫೆಂಡರ್‌ನನ್ನು ಭುಜದಿಂದ ತಳ್ಳಿ ಗೋಲು ಹೊಡೆದರೆ ಅದರಿಂದ ನಮಗೆ ತಿಳಿಯುವುದು ಬಹಳ ಕಡಿಮೆ. ಅದೇ ಹತ್ತೊಂಬತ್ತರ ಡಿಫೆಂಡರ್ ಅಂಥವನ ಎದುರು ತೊಂಬತ್ತು ನಿಮಿಷ ನಿಂತರೆ ಅವನ ಹೆಸರು ಬರೆದಿಟ್ಟುಕೊಳ್ಳಿ. ಕೈಲ್ ಲ್ಯಾರಿನ್ 2015ರಲ್ಲಿ ಒರ್ಲಾಂಡೊಗೆ ಮೊದಲ ಆಯ್ಕೆಯಾದಾಗ ಅವನಿಗೆ ಇನ್ನೂ ಹತ್ತೊಂಬತ್ತು. ಮೊದಲ ಸೀಸನ್‌ನಲ್ಲೇ 17 ಗೋಲು ಹೊಡೆದ.

ಹಾಗಂತ ವಯಸ್ಸು ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತಲ್ಲ. 2004ರಲ್ಲಿ ಹದಿನಾಲ್ಕು ವರ್ಷದ ಫ್ರೆಡ್ಡಿ ಅಡು ಮೊದಲ ಆಯ್ಕೆ, ದೇಶಕ್ಕೆ ದೇಶವೇ ಅವನ ಹಿಂದೆ ಬಿದ್ದಿತ್ತು. ಅದೇ ಡ್ರಾಫ್ಟ್‌ನಲ್ಲಿ ಫರ್ಮನ್ ಅನ್ನುವ ಸಣ್ಣ ಕಾಲೇಜಿನಿಂದ ಬಂದು ಎಂಟನೆಯವನಾಗಿ ನ್ಯೂ ಇಂಗ್ಲೆಂಡ್‌ಗೆ ಹೋದವನು ಕ್ಲಿಂಟ್ ಡೆಂಪ್ಸಿ. ಅಮೆರಿಕ ಪರ 57 ಗೋಲು ಹೊಡೆದವನು ಈ ಎರಡನೆಯವನು.

ಇನ್ನು ಅಂಕಿಅಂಶ. ಕಾಲೇಜು ವೆಬ್‌ಸೈಟ್‌ಗಳಲ್ಲಿ ಗೋಲು, ಅಸಿಸ್ಟ್, ಶಾಟ್, ಆಡಿದ ನಿಮಿಷ ಸಿಗುತ್ತವೆ. ಮೊದಲು ಪೆನಾಲ್ಟಿ ಗೋಲುಗಳನ್ನು ಕಳೆಯಿರಿ. ಆಮೇಲೆ ಉಳಿದವನ್ನು ಎದುರಾಳಿ ಪ್ರಕಾರ ಬೇರೆ ಮಾಡಿ. ಸೀಸನ್ ಶುರುವಿನಲ್ಲಿ ದುರ್ಬಲ ತಂಡಗಳ ಮೇಲೆ ಬಂದ ಗೋಲು ಒಂದು ಕಡೆ, ಎಸಿಸಿ ಅಥವಾ ಬಿಗ್ ಟೆನ್ ಅನ್ನುವ ಬಲಿಷ್ಠ ಕಾಲೇಜು ಗುಂಪುಗಳ ತಂಡಗಳ ಮೇಲೆ, ಇಲ್ಲವೇ ನವೆಂಬರ್‌ನ ರಾಷ್ಟ್ರೀಯ ಟೂರ್ನಮೆಂಟ್‌ನಲ್ಲಿ ಬಂದದ್ದು ಇನ್ನೊಂದು ಕಡೆ. ಹತ್ತು ಗೋಲು ಹೊಡೆದವನ ಲೆಕ್ಕ ಎಷ್ಟೋ ಸಲ ಎರಡು ಮೂರಕ್ಕೆ ಇಳಿಯುತ್ತದೆ. ಪ್ರಶಸ್ತಿಗಳನ್ನು ನಾನು ಕಡೆಗೆ ನೋಡುತ್ತೇನೆ. ಹರ್ಮನ್ ಟ್ರೋಫಿ ಗೆದ್ದವನು ಕಾಲೇಜಿನ ಅತ್ಯುತ್ತಮ ಆಟಗಾರ, ಸರಿ. ಆದರೆ ನಮಗೆ ಬೇಕಾದದ್ದು ಮುಂದಿನ ಐದು ವರ್ಷ, ಅಲ್ವಾ?

ಈಗ ಪಂದ್ಯ ನೋಡುವ ಕೆಲಸ. ಹೈಲೈಟ್ ವಿಡಿಯೊ ನೋಡಿ ತೀರ್ಮಾನಿಸಬೇಡಿ, ಅದನ್ನು ಮಾಡಿಸಿದವರು ಹುಡುಗನ ಕಡೆಯವರೇ. ಪೂರ್ತಿ ಪಂದ್ಯ ನೋಡಿ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಅಮೆರಿಕದ ಪೂರ್ವ ತೀರದ ಸಂಜೆ ಏಳರ ಪಂದ್ಯ ಅಂದರೆ ಬೆಳಗಿನ ಜಾವ ನಾಲ್ಕೂವರೆ, ನವೆಂಬರ್‌ನಲ್ಲಿ ಅಲ್ಲಿಯ ಗಡಿಯಾರ ಬದಲಾದ ಮೇಲೆ ಐದೂವರೆ, ಹಾಗಾಗಿ ರೆಕಾರ್ಡಿಂಗ್ ಸಿಕ್ಕರೆ ಅದೇ ಒಳ್ಳೆಯದು, ನಿಲ್ಲಿಸಿ ಹಿಂದೆ ಮುಂದೆ ಮಾಡಿ ನೋಡಬಹುದು.

ಆದರೆ ಕಾಲೇಜಿನ ಆಟದ ನಿಯಮಗಳೇ ಸ್ವಲ್ಪ ಬೇರೆ. ಇದು ತಿಳಿಯದೆ ನೋಡಿದರೆ ಕಣ್ಣು ಮೋಸ ಹೋಗುತ್ತದೆ. ಗಡಿಯಾರ ಮೇಲಿಂದ ಕೆಳಗೆ ಓಡುತ್ತದೆ, ಕೊನೆಯ ಹತ್ತು ಸೆಕೆಂಡನ್ನು ಮೈಕ್‌ನಲ್ಲಿ ಎಣಿಸುತ್ತಾರೆ (ಇದಕ್ಕೆ ನಾನು ಇನ್ನೂ ಒಗ್ಗಿಕೊಂಡಿಲ್ಲ). ಅದು ತಮಾಷೆಯ ವಿಷಯ. ಮುಖ್ಯವಾದದ್ದು ಬದಲಿ ಆಟಗಾರರ ನಿಯಮ: ಹೊರಗೆ ಹೋದವನು ಎರಡನೇ ಅರ್ಧದಲ್ಲಿ ಮತ್ತೆ ಒಳಗೆ ಬರಬಹುದು. ಕೋಚ್‌ಗಳು ಹುಡುಗರನ್ನು ಪಾಳಿಯಲ್ಲಿ ಇಳಿಸುತ್ತಾರೆ, ಎಲ್ಲರೂ ಹದಿನೈದು ಇಪ್ಪತ್ತು ನಿಮಿಷ ಹುಚ್ಚರ ಹಾಗೆ ಓಡಿ ಪ್ರೆಸ್ ಮಾಡಿ ಹೊರಗೆ ಬಂದು ಉಸಿರಾಡುತ್ತಾರೆ. ಅದನ್ನು ನೋಡಿ 'ಏನು ಓಡುತ್ತಾನಪ್ಪಾ' ಅಂದುಕೊಳ್ಳುವುದು ಸುಲಭ. ವೃತ್ತಿಪರ ಲೀಗ್‌ನಲ್ಲಿ ಹೊರಗೆ ಹೋದರೆ ಮುಗಿಯಿತು. ಆದ್ದರಿಂದ ತೊಂಬತ್ತು ನಿಮಿಷ ಆಡುವ ಹುಡುಗರನ್ನು ಹುಡುಕಿ, ಎಪ್ಪತ್ತೈದನೇ ನಿಮಿಷದ ನಂತರ ಅವರು ಏನು ಮಾಡುತ್ತಾರೆ ನೋಡಿ. ವಾರಕ್ಕೆ ಎರಡು ಪಂದ್ಯ ಇರುವುದು ಮಾಮೂಲಿ. ಎರಡನೆಯದನ್ನು ನೋಡಿದರೆ ದೇಹದ ಬಗ್ಗೆ ಜಾಸ್ತಿ ತಿಳಿಯುತ್ತದೆ.

ಚೆಂಡನ್ನು ನೋಡಬೇಡಿ, ಹುಡುಗನನ್ನು ನೋಡಿ. ಹೇಳುವುದು ಸುಲಭ, ಮಾಡುವುದು ಕಷ್ಟ, ಕಣ್ಣು ತಾನಾಗಿ ಚೆಂಡಿನ ಹಿಂದೆ ಹೋಗುತ್ತದೆ. ಅದಕ್ಕೆ ಒಂದು ಉಪಾಯ: ಮೊದಲ ಹದಿನೈದು ನಿಮಿಷ ಒಂದು ಹಾಳೆಯಲ್ಲಿ ಒಂದೇ ಒಂದು ಲೆಕ್ಕ ಇಡಿ. ಚೆಂಡು ಅವನ ಕಾಲಿಗೆ ಬರುವ ಮೊದಲು ಅವನು ಭುಜದ ಮೇಲಿಂದ ಹಿಂದೆ ತಿರುಗಿ ನೋಡಿದನೋ ಇಲ್ಲವೋ. ಕಾಲೇಜಿನಲ್ಲಿ ಚೆಂಡು ಹಿಡಿದು, ತಲೆ ಎತ್ತಿ, ಯೋಚಿಸಿ, ಪಾಸ್ ಕೊಡುವಷ್ಟು ಹೊತ್ತು ಸಿಗುತ್ತದೆ. ಮೇಲಿನ ಮಟ್ಟದಲ್ಲಿ ಆ ಹೊತ್ತು ಇರುವುದಿಲ್ಲ. ಮೊದಲೇ ನೋಡಿಕೊಂಡವನಿಗೆ ಹೊತ್ತು ಕಡಿಮೆಯಾದರೂ ತೊಂದರೆಯಿಲ್ಲ, ನೋಡದವನು ಮೊದಲ ವಾರದ ಅಭ್ಯಾಸದಲ್ಲೇ ಸಿಕ್ಕಿಬೀಳುತ್ತಾನೆ. ಮೊದಲ ಟಚ್ ಎತ್ತ ಹೋಗುತ್ತದೆ ಅನ್ನುವುದೂ ಇದರ ಜೊತೆಗೇ ಬರುತ್ತದೆ: ಮುಂದಿನ ಜಾಗಕ್ಕೋ, ಬಂದ ದಾರಿಗೋ, ಅಥವಾ ಕಾಲಿನ ಕೆಳಗೇ ಸಿಕ್ಕಿಕೊಳ್ಳುತ್ತದೋ. ಮೈದಾನ ಕೃತಕ ಹುಲ್ಲಿನದ್ದಾದರೆ, ಅಳತೆ ಕಿರಿದಾದರೆ, ಅದನ್ನೂ ಬರೆದುಕೊಳ್ಳಿ. ಚೆಂಡು ಓಡುವ ರೀತಿಯೇ ಬದಲಾಗುತ್ತದೆ.

ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡ್ ಕೂಡ ನೋಡಿ. ಕೈ ಚೆಲ್ಲಿ ರೆಫರಿ ಕಡೆ ನೋಡುವವನು ಒಬ್ಬ, ತಿರುಗಿ ಓಡುವವನು ಇನ್ನೊಬ್ಬ. ಮೊದಲನೆಯವನನ್ನು ಕೋಚ್ ತಿದ್ದಬಹುದು ಅಂತ ಹೇಳುವವರಿದ್ದಾರೆ. ನನಗೆ ಆ ನಂಬಿಕೆ ಕಡಿಮೆ.

ಸ್ಥಾನದ ವಿಷಯಕ್ಕೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲರಿಗೂ ಗೋಲು ಹೊಡೆಯುವವನು ಬೇಕು, ಆದರೆ ಎಂಎಲ್‌ಎಸ್ ಕ್ಲಬ್‌ಗಳು ದೊಡ್ಡ ದುಡ್ಡು ಸುರಿಯುವುದು ಫಾರ್ವರ್ಡ್‌ಗಳ ಮೇಲೆ, ಅದೂ ವಿದೇಶದಿಂದ ತಂದವರ ಮೇಲೆ. ಡ್ರಾಫ್ಟ್‌ನಲ್ಲಿ ಬಂದ ಹುಡುಗ ಅಂಥವನ ಹಿಂದೆ ಬೆಂಚಿನಲ್ಲಿ ಕೂರಬೇಕು. ಸೆಂಟರ್ ಬ್ಯಾಕ್, ಫುಲ್ ಬ್ಯಾಕ್‌ಗಳಿಗೆ (ಬದಿಯ ಡಿಫೆಂಡರ್‌ಗಳಿಗೆ) ಜಾಗ ಬೇಗ ಸಿಗುತ್ತದೆ. ಹಾಗಾಗಿ ಇಬ್ಬರು ಒಂದೇ ಸಮ ಅನಿಸಿದರೆ ನಾನು ಡಿಫೆಂಡರ್ ಕಡೆಗೆ ವಾಲುತ್ತೇನೆ. ಮೈಲ್ಸ್ ರಾಬಿನ್ಸನ್ (2017, ಎರಡನೆಯವನು), ವಾಕರ್ ಜಿಮ್ಮರ್‌ಮನ್ (2013, ಏಳನೆಯವನು), ಟಿಮ್ ರೀಮ್ (2010, 18ನೆಯವನು) ಮೂವರೂ ಸೆಂಟರ್ ಬ್ಯಾಕ್‌ಗಳು, ಮೂವರೂ ಅಮೆರಿಕ ತಂಡಕ್ಕೆ ಆಡಿದವರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಹುಡುಗ ಬೇರೆ ಸ್ಥಾನದಲ್ಲಿ ಹೇಗೆ ಕಾಣುತ್ತಾನೆ ಅಂತ ಯೋಚಿಸಿ. ಕಾಲೇಜಿನ ಕೋಚ್ ತನ್ನ ಅತ್ಯುತ್ತಮ ಆಟಗಾರನನ್ನು ನಡುವೆ ಅಥವಾ ಮುಂದೆ ನಿಲ್ಲಿಸುತ್ತಾನೆ, ಅವನಿಗೆ ಶನಿವಾರದ ಪಂದ್ಯ ಗೆಲ್ಲಬೇಕು. ವೃತ್ತಿಪರ ಕ್ಲಬ್‌ಗೆ ಅದೇ ಹುಡುಗ ಒಂದು ಸಾಲು ಹಿಂದೆ ಬೇಕಾಗಬಹುದು. ಜೂಲಿಯನ್ ಗ್ರೆಸೆಲ್ ಪ್ರಾವಿಡೆನ್ಸ್ ಕಾಲೇಜಿನಲ್ಲಿ ಮಿಡ್‌ಫೀಲ್ಡರ್, ಅಟ್ಲಾಂಟಾದಲ್ಲಿ ಬಲಬದಿಯ ವಿಂಗ್ ಬ್ಯಾಕ್ (ಮುಂದಕ್ಕೂ ಓಡುವ ಬದಿಯ ಡಿಫೆಂಡರ್) ಆಗಿ ಹೆಸರು ಮಾಡಿದ. 2025ರ ಮೊದಲ ಆಯ್ಕೆ ಮನು ಡುವಾ ಕೂಡ ಮಿಡ್‌ಫೀಲ್ಡರ್ ಆಗಿ ಬಂದವನು, ಸ್ಯಾನ್ ಡಿಯಾಗೊ ಅವನನ್ನು ಸೆಂಟರ್ ಬ್ಯಾಕ್ ಮಾಡಿತು. ಸೆಂಟರ್ ಬ್ಯಾಕ್‌ಗೆ ಈಗ ಹೆಡರ್ ಮಾತ್ರ ಸಾಕಾಗುವುದಿಲ್ಲ, ಒತ್ತಡದಲ್ಲಿ ಎರಡೂ ಕಾಲಿನಿಂದ ಪಾಸ್ ಕೊಡಬೇಕು, ಆ ಕೌಶಲ ಮಿಡ್‌ಫೀಲ್ಡ್‌ನಲ್ಲಿ ಆಡಿದವನಿಗೆ ಮೊದಲೇ ಬಂದಿರುತ್ತದೆ. ವಿಂಗರ್ ಒಬ್ಬನಿಗೆ ಕೊನೆಯ ಪಾಸ್ ಕೆಟ್ಟದಾಗಿದ್ದು ಓಟ, ದಮ್ಮು ಎರಡೂ ಇದ್ದರೆ, ಅವನನ್ನು ಫುಲ್ ಬ್ಯಾಕ್ ಅಂತ ಬರೆದುಕೊಂಡು ನೋಡಿ.

ಗೋಲ್‌ಕೀಪರ್‌ಗಳ ಬಗ್ಗೆ ಒಂದೇ ಮಾತು, ಒಂದು ವಿಡಿಯೊ ನೋಡಿ ತೀರ್ಪು ಕೊಡಬೇಡಿ. ಮ್ಯಾಟ್ ಟರ್ನರ್ ಫೇರ್‌ಫೀಲ್ಡ್ ಕಾಲೇಜಿನಲ್ಲಿ ಬಿಟ್ಟ ಒಂದು ವಿಚಿತ್ರ ಗೋಲು ಇಂಟರ್‌ನೆಟ್ ತುಂಬ ಓಡಾಡಿತು. 2016ರ ಡ್ರಾಫ್ಟ್‌ನಲ್ಲಿ ಅವನನ್ನು ಯಾರೂ ಆರಿಸಲಿಲ್ಲ. 2022ರ ವಿಶ್ವಕಪ್‌ನಲ್ಲಿ ಅಮೆರಿಕದ ಗೋಲ್‌ಕೀಪರ್ ಅವನೇ.

ಆಟ ಮುಗಿಯಿತು, ಈಗ ಕಾಗದ ಪತ್ರ. ಇದು ಬೋರ್ ಹೊಡೆಸುವ ಭಾಗ, ಆದರೆ ಬಿಡುವಂತಿಲ್ಲ. ಹುಡುಗ ಹೊರದೇಶದವನಾಗಿದ್ದರೆ ಗ್ರೀನ್ ಕಾರ್ಡ್ ಇದೆಯೇ? ಇಲ್ಲದಿದ್ದರೆ ತಂಡದ ಅಂತಾರಾಷ್ಟ್ರೀಯ ಸ್ಲಾಟ್, ಅಂದರೆ ವಿದೇಶಿ ಆಟಗಾರರಿಗೆ ಮೀಸಲಾದ ಜಾಗ, ಒಂದನ್ನು ತಿನ್ನುತ್ತಾನೆ. ಆ ಸ್ಲಾಟ್‌ಗಳು ಸೀಮಿತ, ಕ್ಲಬ್‌ಗಳು ಅವನ್ನು ತಮ್ಮ ತಮ್ಮಲ್ಲೇ ಮಾರಿಕೊಳ್ಳುತ್ತವೆ. ಒಳ್ಳೆಯ ಹುಡುಗ ಕೆಳಗೆ ಜಾರುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ. ಜನರೇಷನ್ ಆಡಿಡಾಸ್ ಒಪ್ಪಂದ ಸಿಕ್ಕಿದೆಯೇ ಅಂತಲೂ ನೋಡಿ. ಲೀಗ್ ಪ್ರತಿ ವರ್ಷ ಕೆಲವೇ ಕೆಲವರಿಗೆ ಕೊಡುವ ಇದರಲ್ಲಿ ಹುಡುಗನ ಸಂಬಳ ತಂಡದ ಬಜೆಟ್ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅವರು ಸಹಜವಾಗಿ ಮೇಲಕ್ಕೆ ಏರುತ್ತಾರೆ. ಮತ್ತೆ ಕಾಲೇಜಿನಲ್ಲಿ ಇನ್ನೂ ವರ್ಷ ಉಳಿದಿದೆಯೇ? ಈಗ ಕೆಳಗಿನ ವರ್ಷದವರನ್ನೂ ಆರಿಸಬಹುದು, ಅವರು ಕಾಲೇಜಿಗೆ ಮರಳಿದರೆ ಹಕ್ಕು ಕ್ಲಬ್‌ನಲ್ಲಿ ಇರುತ್ತದೆ. ಅಂಥ ಆಯ್ಕೆಯ ಫಲ ಮುಂದಿನ ಸೀಸನ್‌ನಲ್ಲೇ ಕಾಣಬೇಕು ಅಂತ ಕಾಯಬೇಡಿ.

ಕೊನೆಗೆ ಎಲ್ಲರನ್ನೂ ಒಂದರಿಂದ ಐವತ್ತರವರೆಗೆ ಸಾಲಾಗಿ ಜೋಡಿಸುವ ಹಟ ಬೇಡ. 14ನೆಯವನಿಗೂ 17ನೆಯವನಿಗೂ ಏನು ವ್ಯತ್ಯಾಸ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ಬೇರೆಯವರ ಹತ್ತಿರವೂ ಇರುವುದಿಲ್ಲ. ಮೂರು ಗುಂಪು ಮಾಡಿ: ಮೊದಲ ವರ್ಷವೇ ಮೊದಲ ತಂಡದಲ್ಲಿ ನಿಮಿಷ ಸಿಗುವವರು, ಎಂಎಲ್‌ಎಸ್ ನೆಕ್ಸ್ಟ್ ಪ್ರೊ ಅನ್ನುವ ಕೆಳಗಿನ ಲೀಗ್‌ನಲ್ಲಿ ಒಂದೆರಡು ವರ್ಷ ಬೇಯಬೇಕಾದವರು, ಮತ್ತೆ ಒಂದೇ ಒಂದು ಗುಣ ಮಾತ್ರ ಎದ್ದು ಕಾಣುವವರು. ಪ್ರತಿ ಹೆಸರಿನ ಮುಂದೆ ಆ ಗುಣ ಯಾವುದು ಅಂತ ಒಂದೇ ಸಾಲು ಬರೆಯಿರಿ. 'ಎಲ್ಲದರಲ್ಲೂ ಚೆನ್ನಾಗಿದ್ದಾನೆ' ಅಂತ ಬರೆಯಬೇಕಾಗಿ ಬಂದರೆ ಆ ಹೆಸರನ್ನು ಕೆಳಗೆ ಇಳಿಸಿ. ಎಲ್ಲದರಲ್ಲೂ ಪರವಾಗಿಲ್ಲ ಅನ್ನುವವನು ಮೇಲಿನ ಮಟ್ಟಕ್ಕೆ ಹೋದಾಗ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ ಬೀಳುತ್ತಾನೆ. ಒಂದು ಗುಣ ನಿಜವಾಗಿಯೂ ಆ ಮಟ್ಟದ್ದಾಗಿದ್ದರೆ ಮೊದಲ ದಿನದಿಂದಲೇ ಕೋಚ್‌ಗೆ ಏನೋ ಒಂದು ಕೆಲಸಕ್ಕೆ ಬರುತ್ತಾನೆ.

ಡ್ರಾಫ್ಟ್ ದಿನ ಕೊನೆಯ ಸುತ್ತಿನಲ್ಲಿ ಕ್ಲಬ್‌ಗಳು 'ಪಾಸ್' ಅಂತ ಹೇಳಿ ಸುಮ್ನೆ ಕೂರುವುದನ್ನು ನೋಡಿ ಗಾಬರಿಯಾಗಬೇಡಿ, ಅದು ಮಾಮೂಲಿ. ನಿಮ್ಮ ಪಟ್ಟಿಯ ಹುಡುಗನ ಹೆಸರು ಬರದಿದ್ದರೆ ಅದನ್ನು ಹೊಡೆದು ಹಾಕಬೇಡಿ, ಟರ್ನರ್ ಹಾಗೆ ಟ್ರಯಲ್ ಮೂಲಕ ಬರುವವರೂ ಇದ್ದಾರೆ. ಆ ಹಾಳೆಯನ್ನು ನಾಲ್ಕೈದು ವರ್ಷವಾದರೂ ಇಟ್ಟುಕೊಳ್ಳಿ. ಕ್ರಿಸ್ ವೊಂಡೊಲೊವ್ಸ್ಕಿ 2005ರ ಸಪ್ಲಿಮೆಂಟಲ್ ಡ್ರಾಫ್ಟ್‌ನಲ್ಲಿ (ಮುಖ್ಯ ಡ್ರಾಫ್ಟ್ ಆದ ಮೇಲಿನ ಹೆಚ್ಚುವರಿ ಡ್ರಾಫ್ಟ್) 41ನೆಯವನಾಗಿ ಬಂದವನು, ಡಿವಿಷನ್ ಎರಡರ ಕಾಲೇಜಿನ ಹುಡುಗ. ಅವನು ಲೀಗ್‌ನ ಅತಿ ಹೆಚ್ಚು ಗೋಲು ಹೊಡೆದ ಪಟ್ಟ ಮೊದಲ ಸಲ ಗೆದ್ದದ್ದು 2010ರಲ್ಲಿ. ನಿವೃತ್ತನಾಗುವಾಗ ಅವನ ಲೆಕ್ಕದಲ್ಲಿ 171 ಗೋಲು ಇದ್ದವು.