ಉಯಿಲು, ಬ್ಯಾಂಕು, ತೆರಿಗೆ: ನಾವಿಬ್ಬರು ಕಾಗದಪತ್ರ ಮಾಡಿಕೊಂಡ ರೀತಿ

ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಅರೇಬಿಕಾ ಜಾಸ್ತಿ, ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ. ನಾನು ಮತ್ತು ನನ್ನ ಸಂಗಾತಿ, ಇಬ್ಬರೂ ಗಂಡಸರು, ಇಲ್ಲೇ ಸಂಸಾರ ಮಾಡಿಕೊಂಡಿದ್ದೇವೆ. ಹತ್ತಿರದವರ ಎದುರು ಹಾರ ಬದಲಾಯಿಸಿಕೊಂಡಿದ್ದೇವೆ. ಆ ಮದುವೆಗೆ ಕಾನೂನಿನಲ್ಲಿ ಬೆಲೆ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಸೆಕ್ಷನ್ 377ರ ಭಯ ತೆಗೆಯಿತು. 2023ರ ಅಕ್ಟೋಬರ್ 17ರಂದು, ಮದುವೆಗೆ ಮಾನ್ಯತೆ ಕೊಡುವುದು ಶಾಸಕಾಂಗಕ್ಕೆ ಬಿಟ್ಟ ವಿಷಯ ಎಂದಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಹಾಗಾಗಿ ಬ್ಯಾಂಕಿಗೂ ತೆರಿಗೆ ಇಲಾಖೆಗೂ ನಾವು ಒಂದೇ ಮನೆಯಲ್ಲಿರುವ ಇಬ್ಬರು ಬೇರೆಯವರು.

ಕೊಡಗಿನಲ್ಲಿ ನಮ್ಮಂಥ ಜೋಡಿಗಳು ಇನ್ನೂ ಇದ್ದಾರೆ. ಕೇಳುವುದಕ್ಕೆ ಹಿಂಜರಿಯುತ್ತಾರೆ. ಅವರಿಗೆ ದಾರಿ ಕಾಣಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ಮೊದಲು ಮಾಡಿದ್ದು ಉಯಿಲು. ಯಾರೇ ಕೇಳಿದರೂ ಅದನ್ನೇ ಮೊದಲು ಮಾಡಿ ಅಂತೀನಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನನ್ನಂಥವನು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ತಾಯಿಗೆ ಹೋಗುತ್ತದೆ. ತಾಯಿ ಇಲ್ಲದಿದ್ದರೆ ತಂದೆಗೆ, ಆಮೇಲೆ ಒಡಹುಟ್ಟಿದವರಿಗೆ. ಎಷ್ಟು ವರ್ಷ ಜೊತೆಗೆ ಬಾಳಿದ್ದರೂ ಸಂಗಾತಿಯ ಹೆಸರು ಆ ಸಾಲಿನಲ್ಲಿ ಎಲ್ಲೂ ಬರುವುದಿಲ್ಲ. ನಾನಿಲ್ಲದ ಮರುದಿನ ಅವನನ್ನು ಈ ಮನೆಯಿಂದ ಎಬ್ಬಿಸಬಹುದು ಅನ್ನುವ ಯೋಚನೆಯೇ ನನಗೆ ನಿದ್ದೆ ಕೊಡುತ್ತಿರಲಿಲ್ಲ.

ನಮ್ಮ ಒಕ್ಕದ (ಮನೆತನದ) ಜಮ್ಮಾ ಜಮೀನನ್ನು, ಅಂದರೆ ತಲೆಮಾರುಗಳಿಂದ ಬಂದ ಜಮೀನನ್ನು, ನಾನು ಉಯಿಲಿಗೆ ಸೇರಿಸಲಿಲ್ಲ. ಅದು ಕುಟುಂಬದ್ದು, ಅದರ ಮೇಲೆ ಕೈ ಇಟ್ಟರೆ ಇಡೀ ಉಯಿಲೇ ಜಗಳಕ್ಕೆ ಬೀಳುತ್ತದೆ. ನಾನೇ ದುಡಿದು ಕೊಂಡ ತೋಟ ಮತ್ತು ಕುಶಾಲನಗರದ ಮನೆ, ಎರಡನ್ನೇ ಬರೆದೆ. ತೋಟಕ್ಕೆ ಪಹಣಿಯಲ್ಲಿರುವ ಹಾಗೆಯೇ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ಕಡೆಯ ಚಕ್ಕುಬಂದಿ ಹಾಕಿಸಿದೆ. ನಡುವೆ ಒಂದು ಪ್ಯಾರಾ ನಾನೇ ಬರೆದೆ: 'ನನ್ನ ಅಣ್ಣನಿಗೆ ಒಕ್ಕದ ಆಸ್ತಿಯಲ್ಲಿ ಅವರ ಪಾಲು ಇದೆ. ಅವರ ಮೇಲೆ ನನಗೆ ಬೇಸರವಿಲ್ಲ. ನನ್ನ ಜೊತೆ ಸಂಸಾರ ಮಾಡಿದ, ಕಾಯಿಲೆಯಲ್ಲಿ ನೋಡಿಕೊಂಡ ಇವನಿಗೆ ನನ್ನ ಸ್ವಂತ ದುಡಿಮೆಯದ್ದನ್ನು ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೇನೆ.' ವಕೀಲರು ಈ ಪ್ಯಾರಾ ಬೇಕೇ ಬೇಕು ಎಂದರು. ರಕ್ತಸಂಬಂಧಿಗಳನ್ನು ಬಿಟ್ಟು ಬೇರೆಯವರಿಗೆ ಯಾಕೆ ಕೊಟ್ಟ ಅನ್ನುವ ಪ್ರಶ್ನೆ ನಾಳೆ ಕೋರ್ಟಿನಲ್ಲಿ ಬಂದರೆ, ಉತ್ತರ ನನ್ನ ಮಾತಿನಲ್ಲೇ ಇರಬೇಕಲ್ವಾ?

ಕಾಯ್ದೆ ಕೇಳುವುದು ಇಬ್ಬರು ಸಾಕ್ಷಿ. ಆಸ್ತಿಯಲ್ಲಿ ಏನೂ ಸಿಗದ, ನಮಗಿಂತ ಚಿಕ್ಕ ವಯಸ್ಸಿನ ಇಬ್ಬರನ್ನು ಕೇಳಿಕೊಂಡೆವು. ಬುದ್ಧಿ ಸ್ವಾಧೀನದಲ್ಲಿದೆ ಎಂದು ಡಾಕ್ಟರಿಂದ ಬರೆಸಿಕೊಂಡೆ. ಉಯಿಲಿಗೆ ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿದೆ. ಅವನೂ ತನ್ನದನ್ನು ಬೇರೆಯಾಗಿ ಬರೆದ.

'ಉಯಿಲು ಯಾಕೆ, ಈಗಲೇ ದಾನಪತ್ರ ಮಾಡಿಬಿಡಿ' ಅಂದವರೂ ಇದ್ದರು. ಇಲ್ಲೇ ತೆರಿಗೆ ಬಂದು ನಿಲ್ಲುತ್ತದೆ. ಹೆಂಡತಿಗೋ ಮಗನಿಗೋ ಮನೆ ದಾನ ಕೊಟ್ಟರೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕೆಲವು ಸಾವಿರ ರೂಪಾಯಿ, ಅಷ್ಟೇ. ಹೊರಗಿನವರಿಗೆ ಕೊಟ್ಟರೆ ಮಾರಾಟದ ಹಾಗೆ ಶೇ 5, ಮೇಲೆ ಸೆಸ್. ಅದು ಒಂದು ಸಲದ ಖರ್ಚು. ದೊಡ್ಡ ಹೊಡೆತ ಆದಾಯ ತೆರಿಗೆಯದ್ದು. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಬಂದ ಉಡುಗೊರೆ, ಪಡೆದವರ ಆದಾಯ. ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ಸಂಬಂಧಿಕರ ಪಟ್ಟಿಯಲ್ಲಿ ಗಂಡ, ಹೆಂಡತಿ, ಒಡಹುಟ್ಟಿದವರು, ಅವರ ಗಂಡ ಹೆಂಡಿರು ಎಲ್ಲ ಇದ್ದಾರೆ. ನಾವಿಲ್ಲ. ಮನೆಯ ಸರ್ಕಾರಿ ಬೆಲೆ 40 ಲಕ್ಷ ಅಂದುಕೊಳ್ಳಿ. ಶೇ 30ರ ಹಂತದಲ್ಲಿರುವವನು ಆ ವರ್ಷ 12 ಲಕ್ಷದ ಮೇಲೆ ಕಟ್ಟಬೇಕು. ಅದೇ ಮನೆ ಉಯಿಲಿನ ಮೂಲಕ ಬಂದರೆ ಈ ತೆರಿಗೆ ಇಲ್ಲ. ನಮ್ಮಂಥವರಿಗೆ ದಾನಪತ್ರ ಬೇಡ, ಉಯಿಲೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಇದನ್ನು ಓದುವಾಗ ನನಗೆ ನೆನಪಾಗುವುದು ಅಮೆರಿಕದ ಈಡಿತ್ ವಿಂಡ್ಸರ್ ಎಂಬ ಮಹಿಳೆ. ಅವರ ಹೆಂಡತಿ ತೀರಿಕೊಂಡಾಗ, ಮದುವೆಗೆ ಮಾನ್ಯತೆ ಇಲ್ಲ ಎಂದು ಅಲ್ಲಿನ ಕೇಂದ್ರ ಸರ್ಕಾರ 3,63,053 ಡಾಲರ್ ಎಸ್ಟೇಟ್ ತೆರಿಗೆ (ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ) ಹಾಕಿತ್ತು. ಅವರು ಕೋರ್ಟಿಗೆ ಹೋದರು, 2013ರ ಜೂನ್ 26ರಂದು ಗೆದ್ದರು. ಎರಡು ವರ್ಷದಲ್ಲಿ ಆ ದೇಶದ ತುಂಬ ಸಲಿಂಗ ಮದುವೆ ಕಾನೂನುಬದ್ಧ ಆಯಿತು. ನಮ್ಮಲ್ಲೂ ಒಂದು ಜೋಡಿ ಈ ಉಡುಗೊರೆ ತೆರಿಗೆಯನ್ನೇ ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. 2025ರ ಆಗಸ್ಟಿನಲ್ಲಿ ಕೋರ್ಟ್ ನೋಟಿಸ್ ಕೊಟ್ಟಿತು. ಅವರು ಗೆಲ್ಲಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಅಲ್ಲಿಯವರೆಗೆ ದುಡ್ಡಿನ ದಾರಿ ಸ್ಪಷ್ಟವಾಗಿ ಇಟ್ಟುಕೊಂಡಿದ್ದೇವೆ. ದಿನಸಿ, ಕರೆಂಟು ಬಿಲ್ಲು ಯಾರು ಕಟ್ಟಬೇಕೋ ಅವರೇ ನೇರವಾಗಿ ಕಟ್ಟುತ್ತೇವೆ, ಒಬ್ಬರ ಖಾತೆಯಿಂದ ಇನ್ನೊಬ್ಬರಿಗೆ ಸುಮ್ನೆ ದುಡ್ಡು ಹಾಕುವುದಿಲ್ಲ. ಒಂದು ಮಳೆಗಾಲದಲ್ಲಿ ಮನೆಯ ಹಿಂದಿನ ಬರೆ ಕುಸಿದಾಗ ತಡೆಗೋಡೆಗೆ ಅವನು ದುಡ್ಡು ಕೊಟ್ಟ. ಅದನ್ನು ಸಾಲ ಎಂದು ಛಾಪಾ ಕಾಗದದಲ್ಲಿ ಬರೆದು, ಬ್ಯಾಂಕಿನ ಮೂಲಕವೇ ಪಡೆದು, ಕಾಫಿ ಮಾರಿದಾಗಲೆಲ್ಲ ತೀರಿಸಿದೆ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಿನಲ್ಲಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮನೆಯೊಳಗಿನ ಪ್ರೀತಿಗೆ ಛಾಪಾ ಕಾಗದ ಬೇಕಾಯಿತಲ್ಲ ಅಂತ ಅವತ್ತು ಇಬ್ಬರಿಗೂ ನೋವಾಗಿತ್ತು.

ಕಾಫಿಪುಡಿ ವ್ಯಾಪಾರಕ್ಕೆ ಪಾಲುದಾರಿಕೆ ಸಂಸ್ಥೆ ಮಾಡಿದೆವು. 1932ರ ಪಾಲುದಾರಿಕೆ ಕಾಯ್ದೆ ನೀವಿಬ್ಬರು ಪರಸ್ಪರ ಯಾರು ಎಂದು ಕೇಳುವುದಿಲ್ಲ. ತೋಟದ ಒಣ ಚೆರಿಯನ್ನು (ಒಣಗಿಸಿದ ಕಾಫಿ ಹಣ್ಣನ್ನು) ನಾನು ಸಂಸ್ಥೆಗೆ ಮಾರುತ್ತೇನೆ, ಅದು ನನ್ನ ಕೃಷಿ ಆದಾಯ. ಸಂಸ್ಥೆ ಹುರಿದು, ಪುಡಿ ಮಾಡಿ ಮಾರಿ ಬಂದ ಲಾಭಕ್ಕೆ ಶೇ 30 ತೆರಿಗೆ ಕಟ್ಟುತ್ತದೆ. ಆಮೇಲೆ ಪಾಲುದಾರರ ಕೈಗೆ ಬರುವ ಲಾಭದ ಪಾಲಿಗೆ ತೆರಿಗೆ ಇಲ್ಲ. ಬೆಳೆದವನೇ ಹುರಿದು ಪುಡಿ ಮಾಡಿ ಮಾರಿದರೆ ತೆರಿಗೆ ನಿಯಮಗಳ ಪ್ರಕಾರ ಆದಾಯದ ಶೇ 40 ಭಾಗಕ್ಕೆ ಮಾತ್ರ ತೆರಿಗೆ. ಅದಕ್ಕೆ ಹೋಲಿಸಿದರೆ ಸಂಸ್ಥೆಯ ದಾರಿಯಲ್ಲಿ ನಮಗೆ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಆದರೆ ಅವನ ದುಡಿಮೆಗೆ ಅವನ ಹೆಸರಿನಲ್ಲಿ ಪಾಲು ಬರುತ್ತದೆ. ನನಗೆ ಅದು ಮುಖ್ಯ.

ಬ್ಯಾಂಕಿನಲ್ಲಿ ಮೊದಲು ಜಂಟಿ ಖಾತೆಗೆ ಆಗಲ್ಲ ಅಂದರು. 2024ರ ಆಗಸ್ಟ್ 28ರಂದು ಕೇಂದ್ರ ಹಣಕಾಸು ಸಚಿವಾಲಯ, ಇಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ತಿಳಿಸಿತ್ತು. ಅದರ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಮ್ಯಾನೇಜರ್ ಎರಡು ಸಲ ಓದಿ ಸಹಿ ಹಾಕಿದರು. ಆದರೆ ನಾಮಿನಿ ಆದ ಮಾತ್ರಕ್ಕೆ ಒಡೆಯ ಆಗುವುದಿಲ್ಲ. ದುಡ್ಡು ಅವನ ಕೈಗೆ ಬರುತ್ತದೆ, ವಾರಸುದಾರರು ಆಮೇಲೂ ಕೇಳಬಹುದು. ಜೀವವಿಮೆಯಲ್ಲೂ ನಾಮಿನಿಗೆ ಪೂರ್ತಿ ಹಕ್ಕು ಕೊಡುವ ಪಟ್ಟಿಯಲ್ಲಿ ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ಮಾತ್ರ. ಹಾಗಾಗಿ ಖಾತೆಗಳನ್ನೂ ಪಾಲಿಸಿಗಳನ್ನೂ ಉಯಿಲಿನಲ್ಲೇ ಹೆಸರಿಸಿ ಬರೆದೆವು.

ಆಸ್ಪತ್ರೆಗೆ ಬೇರೆ ಕಾಗದ. ಗುಣವಾಗದ ಸ್ಥಿತಿಯಲ್ಲಿ ಚಿಕಿತ್ಸೆ ಹೇಗಿರಬೇಕು, ನನ್ನ ಪರವಾಗಿ ಯಾರು ಹೇಳಬೇಕು ಎಂಬ ಮುಂಗಡ ನಿರ್ದೇಶನ ಪತ್ರವನ್ನು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಮಾಡಿಸಿದ್ದೇವೆ. ಮೊದಲ ಹೆಸರು ಅವನದು, ಎರಡನೆಯದು ನನ್ನ ತಂಗಿಯದು.

ಈಗ ಪಕ್ಕದ ಒಂದು ಎಕರೆ ಮಾರಾಟಕ್ಕಿದೆ, ಮಾತುಕತೆ ನಡೆದಿದೆ. ಈ ಸಲ ಶುರುವಿನಿಂದಲೇ ಇಬ್ಬರ ಹೆಸರಿಗೂ ಕ್ರಯಪತ್ರ. ಅರ್ಧ ಹಣ ನನ್ನ ಚೆಕ್, ಅರ್ಧ ಅವನದು. ಎರಡೂ ಚೆಕ್ ನಂಬರು, ಇಬ್ಬರಿಗೂ ಅರ್ಧರ್ಧ ಪಾಲು ಎಂಬ ಮಾತು ಪತ್ರದೊಳಗೇ ಬರಬೇಕು ಎಂದು ಬರೆಯುವವರಿಗೆ ಹೇಳಿದ್ದೇನೆ. ನೋಂದಣಿ ಆದ ಮೇಲೆ ಉಯಿಲಿಗೆ ಅದನ್ನೂ ಸೇರಿಸಬೇಕು.