ಮರಳಿನಲ್ಲಿ ಹೈಡ್ರೇಟ್ ಕಟ್ಟಿ, ಅದರಿಂದ ಗ್ಯಾಸ್ ತೆಗೆದ ನನ್ನ ಅನುಭವ

ಮೀಥೇನ್ ಹೈಡ್ರೇಟ್ ನೋಡಲು ಥೇಟ್ ಮಂಜುಗಡ್ಡೆ. ನೀರಿನ ಕಣಗಳು ಪಂಜರದ ಹಾಗೆ ಜೋಡಿಸಿಕೊಂಡು ಒಳಗೆ ಮೀಥೇನ್ ಹಿಡಿದಿಟ್ಟುಕೊಂಡಿರುತ್ತವೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ 160 ಘನ ಮೀಟರಿಗೂ ಜಾಸ್ತಿ ಗ್ಯಾಸ್ ಬರುತ್ತದೆ. ನಮ್ಮ ಕೃಷ್ಣಾ-ಗೋದಾವರಿ ನದಿಗಳು ಸೇರುವ ಕಡಲಿನ ತಳದಲ್ಲಿ 2006ರಲ್ಲಿ ಕೊರೆದಾಗ ಇದು ಸಿಕ್ಕಿದ್ದು ಹೆಚ್ಚಾಗಿ ಜೇಡಿಮಣ್ಣಿನ ಬಿರುಕುಗಳಲ್ಲಿ. 2015ರಲ್ಲಿ ಜಪಾನಿನ ಚಿಕ್ಯು ಹಡಗು ಬಂದು ಕೊರೆದಾಗ ಮರಳಿನ ಪದರಗಳಲ್ಲೂ ಸಿಕ್ಕಿತು. ಮರಳಾದರೆ ಗ್ಯಾಸ್ ಹರಿದು ಬರಲು ದಾರಿ ಇರುತ್ತದೆ. ಅದಕ್ಕೇ ನಾನು ಲ್ಯಾಬ್‌ನಲ್ಲಿ ಮರಳನ್ನೇ ಹಿಡಿದುಕೊಂಡೆ.

ತೊಳೆದು ಒಣಗಿಸಿದ ಮರಳಿಗೆ ಸ್ವಲ್ಪ ನೀರು ಕಲಸಿ, ದಪ್ಪ ಗೋಡೆಯ, ಮುಚ್ಚಿದ ಪಾತ್ರೆಯಂಥ ಸ್ಟೀಲ್ ಸೆಲ್‌ಗೆ ತುಂಬಿದೆ. ಚಿಲ್ಲರ್ (ತಂಪು ಮಾಡುವ ಯಂತ್ರ) ಹಾಕಿ 4 ಡಿಗ್ರಿಗೆ ತಂದು, ಪ್ರೆಶರ್ 80 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡ) ಆಗುವವರೆಗೆ ಮೀಥೇನ್ ಬಿಟ್ಟೆ. ಆ ತಂಪಿಗೆ 40 ಬಾರ್ ಇದ್ದರೂ ಹೈಡ್ರೇಟ್ ಉಳಿಯುತ್ತದೆ. ಆದರೆ ಕಟ್ಟೋಕೆ ಶುರುವಾಗಬೇಕಾದರೆ ಪ್ರೆಶರ್ ಚೆನ್ನಾಗಿ ಮೇಲಿರಬೇಕು. ಆಮೇಲೆ ಕಾಯೋದೇ ಕೆಲಸ. ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮರಳಿನೊಳಗಿನ ಸೆನ್ಸರ್ ಬಿಸಿ ತೋರಿಸುತ್ತದೆ, ಪ್ರೆಶರ್ ಇಳಿಯತೊಡಗುತ್ತದೆ. ಕಟ್ಟುವಾಗ ಹೈಡ್ರೇಟ್ ಶಾಖ ಬಿಡುತ್ತದಲ್ವಾ, ಅದೇ ಗುರುತು.

ಗ್ಯಾಸ್ ತೆಗೆಯುವಾಗ ಇದೇ ಲೆಕ್ಕ ತಿರುಗಾಮುರುಗಾ. ವಾಲ್ವ್ ನಿಧಾನಕ್ಕೆ ಬಿಚ್ಚಿ ಪ್ರೆಶರನ್ನು 30 ಬಾರ್‌ಗೆ ಇಳಿಸಿದೆ. ಮರಳು ತಾನೇ ತಣ್ಣಗಾಗುತ್ತಾ ಒಂದೂವರೆ ಡಿಗ್ರಿ ಆಸುಪಾಸಿಗೆ ಬಂದು ನಿಂತುಬಿಟ್ಟಿತು. ಗೋಡೆ ಪಕ್ಕದ ಸೆನ್ಸರ್ ಮೊದಲು ಮೇಲೇರಿತು, ನಡುವಿನದು ತುಂಬಾ ಹೊತ್ತು ಅಲ್ಲೇ ಕೂತಿತ್ತು. ಹೈಡ್ರೇಟ್ ಕರಗಲು ಶಾಖ ಬೇಕು, ಆ ಶಾಖ ಹೊರಗಿನಿಂದಲೇ ಬರಬೇಕು. ಬರುವಷ್ಟೇ ವೇಗದಲ್ಲಿ ಗ್ಯಾಸ್ ಸಿಗುತ್ತದೆ. ವಾಲ್ವ್ ಇನ್ನೂ ಬಿಚ್ಚಿದರೆ ಜಾಸ್ತಿ ಬರುತ್ತದೆ ಅಂತ ಸುಮ್ನೆ ಅವಸರ ಮಾಡಬಾರದು. ಸಿಹಿನೀರಿನಲ್ಲಿ ಸುಮಾರು 26 ಬಾರ್‌ಗಿಂತ ಕೆಳಗೆ ಹೋದರೆ ನೀರು ಹೆಪ್ಪುಗಟ್ಟಿ ಮರಳಿನ ಸಂದುಗಳನ್ನು ಮುಚ್ಚಬಹುದು. ಕಡಲಿನ ಉಪ್ಪುನೀರಿನಲ್ಲಿ ಈ ಅಂಕಿಗಳೆಲ್ಲ ಬೇರೆ.

ಈ ಕೆಲಸಕ್ಕೆ ಕೈಹಾಕುವವರಿಗೆ ಒಂದು ಮಾತು. ಹೈಡ್ರೇಟ್ ತುಂಬಿದ ಸೆಲ್‌ನ ಎರಡೂ ವಾಲ್ವ್ ಮುಚ್ಚಿರುವಾಗ ಕರೆಂಟ್ ಹೋಗಿ ಚಿಲ್ಲರ್ ನಿಂತರೆ, ಹೈಡ್ರೇಟ್ ಕರಗಿ ಒಳಗಿನ ಪ್ರೆಶರ್ ಭಯಂಕರ ಏರುತ್ತದೆ. ಪ್ರೆಶರ್ ಮಿತಿ ಮೀರಿದರೆ ತಾನೇ ಬಿಚ್ಚಿಕೊಳ್ಳುವ ರಿಲೀಫ್ ವಾಲ್ವ್ ಇಲ್ಲದೆ ಗ್ಯಾಸ್ ತುಂಬಲೇಬೇಡಿ.

ಇನ್ನೊಂದು ತಲೆನೋವು ಮರಳಿನದ್ದು. ಹೈಡ್ರೇಟ್ ಇರುವಷ್ಟು ಹೊತ್ತು ಮರಳಿನ ಕಾಳುಗಳು ಅಂಟಿಕೊಂಡು ಗಟ್ಟಿಯಾಗಿರುತ್ತವೆ. ಅದು ಕರಗಿದ ಮೇಲೆ ಸಡಿಲವಾಗಿ ಗ್ಯಾಸ್ ಮತ್ತು ನೀರಿನ ಜೊತೆಗೇ ಹೊರಡುತ್ತವೆ. ನನ್ನ ಸೆಲ್‌ನ ಬಾಯಿಗೆ ಸಣ್ಣ ಜಾಲರಿ ಹಾಕಿದರೂ ಅದರಾಚೆಗಿನ ಪೈಪ್‌ನಲ್ಲಿ ನುಣ್ಣನೆಯ ಕೆಸರು ಸಿಗುತ್ತಿತ್ತು. 2013ರಲ್ಲಿ ಜಪಾನಿನ ನಂಕಾಯ್ ಕಡಲಲ್ಲಿ ಆರು ದಿನದಲ್ಲಿ ಸುಮಾರು 1.2 ಲಕ್ಷ ಘನ ಮೀಟರ್ ಗ್ಯಾಸ್ ತೆಗೆದ ಮೇಲೆ ಪರೀಕ್ಷೆ ನಿಂತದ್ದೂ ಬಾವಿಗೆ ಮರಳು ನುಗ್ಗಿದ್ದರಿಂದಲೇ. ಚೀನಾ 2020ರಲ್ಲಿ ಅಡ್ಡಬಾವಿ ಕೊರೆದು 30 ದಿನದಲ್ಲಿ 8.6 ಲಕ್ಷ ಘನ ಮೀಟರ್ ತೆಗೆಯಿತು. ಬಾವಿ ಪದರದೊಳಗೆ ಉದ್ದಕ್ಕೂ ಮಲಗಿದರೆ ಕರಗುವ ಜಾಗವೂ ಹೆಚ್ಚುತ್ತದೆ, ಶಾಖ ಬರುವ ದಾರಿಯೂ ಹೆಚ್ಚುತ್ತದೆ. ನಮ್ಮ ಕಡಲಿಗೂ ಇದೇ ದಾರಿ ಸರಿ ಅಂತ ನನಗನ್ನಿಸುತ್ತದೆ.

ಈಗ ಮರಳಿಗೆ ಸ್ವಲ್ಪ ಜೇಡಿಮಣ್ಣು ಬೆರೆಸಿ ಇದನ್ನೇ ಮತ್ತೆ ಮಾಡುತ್ತಿದ್ದೇನೆ. ಜಾಲರಿ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಅಂತ ಮೊದಲು ನೋಡಬೇಕು.