ಬೊಡ್ಡೆ ಚಿಗುರಿನಿಂದ ಎದ್ದ ಕಾಡು

ಸಿದ್ದಾಪುರದ ಕಡೆ ನನ್ನದು ನಾಲ್ಕೂವರೆ ಎಕರೆ ಹಿಡುವಳಿ ಬೇಣ, ಅಂದರೆ ಹುಲ್ಲು ಸೊಪ್ಪಿಗೆಂದು ಬಿಟ್ಟ ಗುಡ್ಡದ ಜಾಗ. ಅಪ್ಪಯ್ಯ ಅಕೇಶಿಯಾ ಹಾಕಿಸಿದ್ದರು. ಸಾಲುಗಳ ನಡುವೆ ಮತ್ತಿ, ಜಂಬೆ, ನಂದಿ ಮರಗಳ ಹಳೇ ಬೊಡ್ಡೆಗಳಿದ್ದವು, ಕಡಿದ ಮೇಲೆ ಉಳಿದ ಬುಡಗಳು. ವರ್ಷವೂ ಸೊಪ್ಪಿಗೆಂದು ಸವರಿ ಸವರಿ ಅವು ಸೊಂಟದೆತ್ತರ ದಾಟಿರಲೇ ಇಲ್ಲ. ಎಲ್ಲ ಬೋಳಿಸಿ ಅಡಿಕೆ ಇಡು ಎಂದು ಹೇಳದವರಿಲ್ಲ. "ಬೊಡ್ಡೆ ಕಾಯ್ಕೊಂಡು ಕೂತರೆ ಕಾಡಾಗ್ತದಾ ತಮ್ಮಾ?" ಎಂದು ಅಣ್ಣನೇ ಕೇಳಿದ್ದ. ಈಗ ಹದಿನಾಲ್ಕು ವರ್ಷ. ಅವತ್ತಿನ ಜಂಬೆ ಚಿಗುರನ್ನು ಇವತ್ತು ಎರಡು ಅಂಗೈಯಲ್ಲಿ ಬಳಸಿ ಹಿಡಿದರೆ ಬೆರಳು ಆಚೆ ಕಡೆ ಸೇರುವುದು ಕಷ್ಟ.

ಮೊದಲು ಕೆಟ್ಟದ್ದನ್ನು ಹೇಳಬೇಕು. ಆತುರಕ್ಕೆ ಅರ್ಧ ಎಕರೆ ಅಕೇಶಿಯಾವನ್ನು ಒಂದೇ ಸಲ ಕಡಿಸಿದೆ. ಮಳೆ ಬಿದ್ದದ್ದೇ ತಡ, ನೆಲದಲ್ಲಿದ್ದ ಅಕೇಶಿಯಾ ಬೀಜವೆಲ್ಲ ಅಗೆ ಮಡಿಯ ಹಾಗೆ ಎದ್ದಿತು, ಮೇಲೆ ಯುಪಟೋರಿಯಂ ಕಳೆ. ಅಲ್ಲೇ ನರ್ಸರಿಯಿಂದ ತಂದ ಆರುನೂರು ಸಸಿ ನೆಟ್ಟೆ. ಗುಂಡಿ, ಕೂಲಿ, ಸಾಗಾಟ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಮಾರ್ಚಿನಲ್ಲಿ ರಸ್ತೆ ಕಡೆಯಿಂದ ಬೆಂಕಿ ಬಂತು. ಉಳಿದದ್ದು ಎಪ್ಪತ್ತೋ ಎಂಬತ್ತೋ. ಆದರೆ ಸುಟ್ಟ ಬೊಡ್ಡೆಗಳೆಲ್ಲ ಜೂನಿನಲ್ಲಿ ಮತ್ತೆ ಕೆಂಪು ಚಿಗುರು ಬಿಟ್ಟವು. ಬೇರು ಇದ್ದಲ್ಲೇ ಕೆಲಸ ಮಾಡಬೇಕು ಎಂದು ನನಗೆ ಹೊಳೆದದ್ದು ಅವತ್ತು.

ಸೊಪ್ಪು ಸವರುವುದನ್ನು ನಿಲ್ಲಿಸಿದೆ. ಮೂರನೇ ವರ್ಷ ಬೊಡ್ಡೆಗೆ ಒಂದೇ ಚಿಗುರು ಇಟ್ಟು ಉಳಿದದ್ದೆಲ್ಲ ಕತ್ತಿಯಲ್ಲಿ ತೆಗೆದೆ. ಅಲ್ಲೂ ಎಡವಿದೆ: ದಪ್ಪಗಿದೆ ಎಂದು ಬೊಡ್ಡೆಯ ನೆತ್ತಿಯ ಚಿಗುರನ್ನೇ ಇಟ್ಟಿದ್ದೆ. ಮುಂದಿನ ಮಳೆಗಾಲದ ಗಾಳಿಗೆ ಸುಮಾರು ಅರವತ್ತು ಕಿತ್ತು ಬಿದ್ದವು. ಒಂದನ್ನು ಎತ್ತಿ ನೋಡಿದೆ. ಬುಡದಲ್ಲಿ ಅಂಗೈಯಗಲ ತೊಗಟೆ ಮಾತ್ರ ಹಿಡಿದಿತ್ತು, ಒಳಗಿನ ಬೊಡ್ಡೆ ಕೊಳೆತು ಕಾಫಿಪುಡಿಯಂತೆ ಉದುರುತ್ತಿತ್ತು. ಅಂದಿನಿಂದ ಮಣ್ಣಿಗೆ ತಾಗಿ ಹೊರಟ ಚಿಗುರನ್ನೇ ಇಡುತ್ತೇನೆ. ಅದು ತನ್ನದೇ ಬೇರು ಇಳಿಸಿಕೊಳ್ಳುತ್ತದೆ. ಮೊದಲ ವರ್ಷ ಎರಡು, ಆಮೇಲೆ ಒಂದು. ಯಾವ ತಿಂಗಳು, ಯಾವ ದಿಕ್ಕಿನದು ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ, ಅದನ್ನು ಬೇಣಕ್ಕೆ ಬಂದವರಿಗಷ್ಟೇ ತೋರಿಸುವುದು.

ಉಳಿದ ಅಕೇಶಿಯಾವನ್ನು ಮೂರು ಕಂತಿನಲ್ಲಿ ತೆಗೆದೆ, ನೆರಳು ಒಮ್ಮೆಲೇ ಹಾರಬಾರದು. ಮೂರೂ ಸೇರಿ ಎರಡು ಲಕ್ಷದ ಮೇಲೆ ಸ್ವಲ್ಪ ಬಂತು. ಸುತ್ತ ಅಗಳ (ಕಂದಕ) ತೆಗೆಸಲು ಜೆಸಿಬಿಗೇ ಅರವತ್ತು ಸಾವಿರ ಕೊಟ್ಟೆ, ಬೇಸಿಗೆಗೆ ಮುಂಚೆ ಬೆಂಕಿಗೆರೆ ಸವರಲು ವರ್ಷಕ್ಕೆ ನಾಲ್ಕೈದು ಆಳು. ದನ ಒಳಗೆ ಬರುವುದು ನಿಂತದ್ದೇ ಅರ್ಧ ಗೆಲುವು. ಹೊನ್ನೆ ತಾನಾಗಿ ಎದ್ದಿದೆ, ಧೂಪ ಎರಡು ಕಡೆ ಕಂಡಿದೆ. ತೋಟಕ್ಕೆ ದರಕು (ಒಣ ಎಲೆ) ಈಗ ಹೊರಗಿನಿಂದ ತರುವುದಿಲ್ಲ.

ನಡುವೆ ಉಪ್ಪಾಗೆಯ ಹುಚ್ಚೂ ಹಿಡಿಯಿತು, ಹುಳಿಗೆ ಬಳಸುವ ಕಾಡುಹಣ್ಣಿನ ಮರ ಅದು. ಬೀಜ ಹಾಗೇ ಹಾಕಿದರೆ ಏಳೆಂಟು ತಿಂಗಳು ಮಲಗಿಬಿಡುತ್ತದೆ. ಮೇಲಿನ ಸಿಪ್ಪೆ ಬಿಡಿಸಿ ಹಾಕಿದ್ದು ಎರಡು ತಿಂಗಳೊಳಗೆ ಮೊಳೆಯಿತು. ಆದರೆ ಬೀಜದ ಗಿಡದಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೂ ಬರುವವರೆಗೆ ತಿಳಿಯದು. ನನ್ನ ಮೂವತ್ತರಲ್ಲಿ ಇದುವರೆಗೆ ಹೂ ಬಿಟ್ಟ ಹನ್ನೊಂದರಲ್ಲಿ ಏಳು ಗಂಡೇ. ಹೆಣ್ಣು ಮರದ ಕುಡಿ ತಂದು ಅವಕ್ಕೆ ಕಸಿ ಕಟ್ಟಿದ್ದೇನೆ, ನಾಲ್ಕು ಹಿಡಿದಿವೆ. ಪಕ್ಕದ ಕೊಂಬೆಯ ಕುಡಿ ಕಟ್ಟಿದ ಎರಡು ಮೇಲೇಳದೆ ಬಳ್ಳಿಯ ಹಾಗೆ ಅಡ್ಡಕ್ಕೇ ಹೋಗುತ್ತಿವೆ. ಈ ಸಲ ನೆತ್ತಿಯ ಕುಡಿಗಾಗಿ ಮರ ಹತ್ತುವವರನ್ನು ಹುಡುಕುತ್ತಿದ್ದೇನೆ.